ಹಿತ್ತಿಲ ಕೋಳಿಗೂಡು ನಾರದಂತೆ ಇಟ್ಟುಕೊಳ್ಳುವುದು ಹೇಗೆ? ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆ 5–10 ಸೆಂಟ್ಸ್ ಜಾಗದಲ್ಲಿ ಮನೆ ಮಾಡಿಕೊಂಡು ಹಿತ್ತಿಲಲ್ಲಿ ನಾಲ್ಕಾರು ಕೋಳಿ ಸಾಕುವವರಿಗಾಗಿ ಇದನ್ನು ಬರೆದಿದೆ. ಸಾವಿರಗಟ್ಟಲೆ ಕೋಳಿಯ ಫಾರ್ಮಿನ ಲೆಕ್ಕವೇ ಬೇರೆ. ಬೇರೆ ಹೇಳದಿದ್ದರೆ ಇಲ್ಲಿನ ಅಳತೆಗಳೆಲ್ಲ 10 ಹೇಂಟೆಗಳಿಗೆ.

ಕೋಳಿಗೂಡು ಇಷ್ಟು ನಾರುವುದು ಯಾಕೆ?

ನೀರಿನಿಂದ. ಒಣಗಿದ ಹಿಕ್ಕೆಗೆ ಹೇಳಿಕೊಳ್ಳುವಂಥ ವಾಸನೆ ಇರುವುದಿಲ್ಲ. ಹಿಕ್ಕೆಯ ಮೇಲೆ ಸುಣ್ಣದ ಹಾಗೆ ಕಾಣುವ ಬಿಳಿ ಭಾಗ ಯೂರಿಕ್ ಆಮ್ಲ. ಕೋಳಿಯ ಮೂತ್ರ ಅಂದರೆ ಅದೇ. ಅದಕ್ಕೆ ಪಸೆಯೂ ಸೆಖೆಯೂ ಸಿಕ್ಕಿದರೆ ಬ್ಯಾಕ್ಟೀರಿಯಾ ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ಸೆಖೆಗೆ ನಮ್ಮಲ್ಲಿ ಬರವಿಲ್ಲ, ಅದನ್ನು ತಡೆಯುವುದೂ ಆಗದ ಮಾತು. ಕೈಯಲ್ಲಿರುವುದು ಪಸೆಯೊಂದೇ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ತಿರುಗಿ ಮುರುಗಿ ನೀರಿನ ವಿಷಯಕ್ಕೇ ಬಂದು ನಿಲ್ಲುತ್ತವೆ.

ವಾಸನೆಯಲ್ಲೂ ಬಗೆ ಉಂಟು. ಮೂಗಿಗೆ ಚುಚ್ಚಿ ಕಣ್ಣಲ್ಲಿ ನೀರು ತರಿಸುವುದು ಅಮೋನಿಯಾ: ಹಾಸು (ಗೂಡಿನ ನೆಲಕ್ಕೆ ಹರಡುವ ಉಮಿ, ಮರದ ಹುಡಿಯಂಥದ್ದು) ಒದ್ದೆ, ಅಥವಾ ಗಾಳಿ ಸಾಲದು. ಕೊಳೆತ ಮೊಟ್ಟೆಯಂಥ ನಾತ ಬಂದರೆ ಎಲ್ಲೋ ನೀರು ನಿಂತು, ಕೆಳಗೆ ಗಾಳಿಯಾಡದೆ ಕಪ್ಪು ಕೆಸರಾಗಿದೆ. ಹುಳಿ ವಾಸನೆಯಾದರೆ ಚೆಲ್ಲಿದ ಅನ್ನ, ಗಂಜಿ ತೆಳಿ, ಹಲಸಿನ ಸಿಪ್ಪೆ ಹುದುಗುತ್ತಿವೆ. ಹೆಣದ ನಾತವಾದರೆ ಮೂಲೆಯಲ್ಲಿ ಸತ್ತ ಇಲಿಯನ್ನೋ ಮೀನಿನ ಕರುಳನ್ನೋ ಹುಡುಕಿ. ಮೊದಲು ಯಾವ ವಾಸನೆ ಎಂದು ಗೊತ್ತುಮಾಡಿಕೊಂಡರೆ ಅರ್ಧ ಕೆಲಸ ಉಳಿಯುತ್ತದೆ.

10 ಕೋಳಿಯಿಂದ ದಿನಕ್ಕೆ ಎಷ್ಟು ಹಿಕ್ಕೆ ಬೀಳುತ್ತದೆ?

ಹೆಚ್ಚುಕಡಿಮೆ 1 ಕಿಲೋ. ಊರ ಕೋಳಿಯದು ಸ್ವಲ್ಪ ಕಡಿಮೆ, ಗಿರಿರಾಜದಂಥ ಭಾರದ ತಳಿಯದು ಹೆಚ್ಚು. ಆ ಒಂದು ಕಿಲೋದಲ್ಲಿ ಮುಕ್ಕಾಲು ಪಾಲು ನೀರೇ. ಅಂದರೆ ಮಳೆ ಬಾರದಿದ್ದರೂ, ಪಾತ್ರೆ ಮಗುಚದಿದ್ದರೂ, ದಿನಾ ಮುಕ್ಕಾಲು ಲೀಟರ್ ನೀರು ಗೂಡಿಗೆ ಬಿದ್ದಂತೆಯೇ. ಅದನ್ನು ಹಾಸು ಹೀರಬೇಕು, ಗಾಳಿ ಒಯ್ಯಬೇಕು.

ಈ ಹಿಕ್ಕೆಯಲ್ಲಿ ಅರ್ಧದಷ್ಟು ರಾತ್ರಿ ಕೂರುವ ಕೋಲಿನ ಅಡಿಗೆ ಬೀಳುತ್ತದೆ. ಕೋಳಿಗಳು ರಾತ್ರಿಯಿಡೀ ಒಂದೇ ಕಡೆ ಕೂರುವುದರಿಂದ ಅದು ಕೋಲಿನ ಕೆಳಗೆ ಒಂದೂವರೆ ಅಡಿ ಅಗಲದ ಪಟ್ಟಿಯಲ್ಲೇ ಇರುತ್ತದೆ. ಕೋಲಿನಿಂದ 6 ಇಂಚು ಕೆಳಗೆ ಒಂದು ಹಲಗೆ ಜೋಡಿಸಿ, ಮೇಲೆ ಹಳೆಯ ಫ್ಲೆಕ್ಸ್ ಹಾಸಿ. (ನಮ್ಮೂರಲ್ಲಿ ಯಾವುದಕ್ಕೆ ಬರವಿದ್ದರೂ ಹಳೆಯ ಫ್ಲೆಕ್ಸಿಗೆ ಇಲ್ಲ.) ಫ್ಲೆಕ್ಸ್ ಮೇಲೆ ಒಂದು ಮುಷ್ಟಿ ಉಮಿ ಚೆಲ್ಲಿಟ್ಟು, ಬೆಳಿಗ್ಗೆ ನಾಲ್ಕು ಮೂಲೆ ಹಿಡಿದೆತ್ತಿ ಗೊಬ್ಬರದ ಗುಂಡಿಗೆ ಕೊಡವಿದರೆ 2 ನಿಮಿಷದ ಕೆಲಸ. ಬೇರೇನೂ ಮಾಡಲಾಗದಿದ್ದರೂ ಇದೊಂದನ್ನು ಮಾಡಿ. ಕೆಳಗಿನ ಹಾಸಿಗೆ ಬೀಳುವ ಭಾರ ಅರ್ಧಕ್ಕಿಳಿಯುತ್ತದೆ.

ಎಷ್ಟು ಜಾಗ ಬೇಕು?

ರಾತ್ರಿ ಮಲಗುವ ಗೂಡಿನಲ್ಲಿ ಕೋಳಿಗೆ 2 ಚದರ ಅಡಿ, ಕೂರುವ ಕೋಲಿನಲ್ಲಿ 8 ಇಂಚು, ಹಗಲು ಓಡಾಡುವ ಬಲೆಯ ಆವರಣದಲ್ಲಿ ಕೋಳಿಗೆ 10 ಚದರ ಅಡಿ. 10 ಕೋಳಿಗೆ 4×5 ಅಡಿ ಗೂಡು, 10×10 ಅಡಿ ಆವರಣ. 10 ಕೋಳಿಯ ಜಾಗದಲ್ಲಿ 20 ತುಂಬಿದರೆ ಈ ಪುಟದಲ್ಲಿರುವ ಯಾವ ಉಪಾಯವೂ ನಡೆಯುವುದಿಲ್ಲ.

ಗೂಡನ್ನು ಹಿತ್ತಿಲಿನ ಯಾವ ಕಡೆ ಕಟ್ಟಬೇಕು?

ಎತ್ತರದ ಕಡೆ. ಮನೆಯ ನೀರೆಲ್ಲ ಹರಿದು ಹೋಗುವ ತಗ್ಗಿನ ಮೂಲೆ ಖಾಲಿ ಇದೆಯೆಂದು ಅಲ್ಲೇ ಕಟ್ಟುವವರು ಹೆಚ್ಚು, ಜೂನ್ ಎರಡನೇ ವಾರಕ್ಕೆ ಪಶ್ಚಾತ್ತಾಪ ಪಡುವವರೂ ಅವರೇ.

ಬಾವಿಯಿಂದ ಕನಿಷ್ಠ 50 ಅಡಿ ದೂರವಿರಲಿ, ಬಾವಿಗಿಂತ ಮೇಲಿನ ಇಳಿಜಾರಿನಲ್ಲಿ ಬೇಡವೇ ಬೇಡ. ಮುರಕಲ್ಲಿನಲ್ಲಿ, ಅಂದರೆ ಜಂಬಿಟ್ಟಿಗೆಯಲ್ಲಿ, ತೂತುಗಳೇ ಹೆಚ್ಚು. ಮೇಲೆ ಇಂಗಿದ ನೀರು ಸೋಸಿಕೊಳ್ಳದೆ ಒರತೆಗೆ ಸೇರಬಹುದು. ಕಡಲ ಬದಿಯ ಹೊಯ್ಗೆ ನೆಲದಲ್ಲಿ ಮಳೆಗಾಲಕ್ಕೆ ನೀರು ಕೈಗೆಟಕುವಷ್ಟು ಮೇಲೆ ಬರುತ್ತದೆ, ಅಲ್ಲಿ ಇನ್ನೂ ದೂರವಿದ್ದರೆ ಒಳ್ಳೆಯದು.

ಗಾಳಿಯ ದಿಕ್ಕನ್ನೂ ನೋಡಬೇಕು. ಬೇಸಗೆಯಲ್ಲಿ ಹಗಲು ಗಾಳಿ ಕಡಲಿನಿಂದ, ಅಂದರೆ ಪಡುವಣದಿಂದ ಬೀಸುತ್ತದೆ. ರಾತ್ರಿ ಹಿಂತಿರುಗಿ ಕಡಲಿಗೆ ಹೋಗುತ್ತದೆ. ಮಳೆಗಾಲದಲ್ಲಿ ಪಡುವಣ, ನೈಋತ್ಯದ ಗಾಳಿಯೇ ಜೋರು. ಗೂಡಿನ ಮೂಡು ಬದಿಗೆ ನೆರೆಮನೆಯ ಅಡುಗೆಕೋಣೆ ಕಿಟಕಿ ಇದ್ದರೆ ವರ್ಷದ ಹೆಚ್ಚಿನ ಹಗಲು ವಾಸನೆ ಅವರ ಪಾಲಿಗೇ.

ಮಳೆಗಾಲಕ್ಕೆ ಏನು ತಯಾರಿ ಬೇಕು? ನಮ್ಮ ಗೂಡು ಬೇಸಗೆಯಲ್ಲಿ ಚೆನ್ನಾಗಿರುತ್ತದೆ, ಜೂನ್‌ನಿಂದ ನಾರುತ್ತದೆ.

ಎಲ್ಲರ ಗೂಡೂ ಹಾಗೆಯೇ. ನಮ್ಮಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ, ಅದರ ಬಹುಪಾಲು ಜೂನ್–ಸೆಪ್ಟೆಂಬರ್ ನಡುವೆ. ಒಂದೇ ದಿನ 100 ಮಿಲಿಮೀಟರ್ ಸುರಿಯುವುದು ಜುಲೈಯಲ್ಲಿ ಹೊಸ ಸಂಗತಿಯಲ್ಲ. ಆ ಒಂದು ದಿನ 10×10 ಅಡಿಯ ಮಾಡಿನಿಂದ ಇಳಿಯುವ ನೀರು 900 ಲೀಟರಿಗೂ ಹೆಚ್ಚು. ಸೂರಿನ ನೀರು ಹಿಡಿದು ಒಯ್ಯುವ ದಂಬೆ ಇಲ್ಲದಿದ್ದರೆ ಅಷ್ಟೂ ಗೂಡಿನ ಬುಡಕ್ಕೇ ಬಿದ್ದು, ಸಿಡಿದು, ಬಲೆಯೊಳಗೆ ಹರಿಯುತ್ತದೆ.

ಪತ್ತನಾಜೆಯೊಳಗೆ, ಅಂದರೆ ಮೇ 24ರ ಸುಮಾರಿಗೆ, ಇಷ್ಟು ಮುಗಿದಿರಲಿ. ಮಾಡಿನ ಸೂರು ಬಲೆಯಿಂದ ಹೊರಗೆ ಎರಡೂವರೆ ಅಡಿ ಚಾಚಿರಲಿ. ನಮ್ಮ ಮಳೆ ನೇರ ಬೀಳುವುದು ಕಡಿಮೆ, ಓರೆಯಾಗಿ ಹೊಡೆಯುವುದೇ ಹೆಚ್ಚು. ಸೂರಿನಡಿ ಅಡಕೆ ಮರದ ದಂಬೆಯನ್ನೋ ಸೀಳಿದ 4 ಇಂಚಿನ ಪಿವಿಸಿ ಪೈಪನ್ನೋ 10 ಅಡಿಗೆ 1 ಇಂಚು ಇಳಿಜಾರಿನಲ್ಲಿ ಕಟ್ಟಿ. ಗೂಡಿನ ಸುತ್ತ ಒಂದು ಗೇಣು ಅಗಲ, ಒಂದು ಗೇಣು ಆಳದ ಕಣಿ ತೋಡಿ ತಗ್ಗಿನ ಕಡೆಗೆ ಬಿಡಿ. ಗೂಡಿನ ಒಳನೆಲ ಹೊರಗಿನ ಮಣ್ಣಿಗಿಂತ 6 ಇಂಚು ಎತ್ತರವಿರಲಿ. ಹಳೆಯ ಹಾಸನ್ನು ಪೂರ್ತಿ ತೆಗೆದು ಹೊಸದು ಹಾಸಿ.

ಒಣ ಸಾಮಾನಿನ ದಾಸ್ತಾನೂ ಬೇಕು. 4×5 ಅಡಿ ಗೂಡಿಗೆ 4 ಇಂಚು ದಪ್ಪದ ಹಾಸಿಗೆ ಸುಮಾರು 190 ಲೀಟರ್ ಉಮಿ ಹಿಡಿಯುತ್ತದೆ. ಆಮೇಲೆ ವಾರಕ್ಕೊಂದು 20 ಲೀಟರಿನ ಬಾಲ್ದಿಯಂತೆ 17 ವಾರ ಹಾಕಿದರೆ ಇನ್ನು 340 ಲೀಟರ್. ಒಟ್ಟು 6–7 ಗೋಣಿ. ಏಪ್ರಿಲ್‌ನಲ್ಲೇ ತಂದು ಅಟ್ಟಕ್ಕೇರಿಸಿ. ಆಟಿಯ (ಜುಲೈ–ಆಗಸ್ಟ್) ಮಳೆಯಲ್ಲಿ ಒಣ ಉಮಿ ಹುಡುಕಿಕೊಂಡು ಮಿಲ್ಲಿಗೆ ಹೋದರೆ ಸಿಗುವುದು ಕಷ್ಟ. ಕುಚ್ಚಲಕ್ಕಿ ಮಿಲ್ಲಿನವರಿಗೆ ಭತ್ತ ಬೇಯಿಸಲು ಅದೇ ಉಮಿ ಬೇಕು.

ತಪ್ಪುವುದು ಹೆಚ್ಚಾಗಿ ಇಲ್ಲಿ: ಇರಸಲು ಬರುತ್ತದೆಂದು ನಾಲ್ಕೂ ಬದಿಗೆ ಟಾರ್ಪಾಲು ಇಳಿಬಿಡುತ್ತಾರೆ. ಮಳೆ ಒಳಗೆ ಬರುವುದಿಲ್ಲ, ಆದರೆ ಒಳಗಿನ ಹಬೆಯೂ ಅಮೋನಿಯಾವೂ ಹೊರಗೆ ಹೋಗುವುದಿಲ್ಲ. ಪಡುವಣ ಮತ್ತು ತೆಂಕಣ ಬದಿಗೆ ಮಾತ್ರ ಪರದೆ ಕಟ್ಟಿ, ಅಲ್ಲೂ ಮೇಲೆ ಒಂದು ಅಡಿ ತೆರೆದಿಡಿ. ಮಳೆ ಬಿಟ್ಟ ತಕ್ಷಣ ಸುತ್ತಿ ಮೇಲೆತ್ತಿ.

ಗಾಳಿ ಸಾಲುತ್ತದೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಬಗ್ಗಿ, ಕೋಳಿಯ ತಲೆಯಷ್ಟು ಎತ್ತರಕ್ಕೆ ಮುಖ ತಂದು ನಾಲ್ಕೈದು ಸಲ ಉಸಿರೆಳೆಯಿರಿ. ಕಣ್ಣು ಉರಿದರೆ ಗಾಳಿ ಸಾಲದು. ನಿಂತ ಎತ್ತರದಲ್ಲಿ ಮೂಸಿ "ಏನೂ ಇಲ್ಲ" ಅನ್ನುವವರು ಕೋಳಿ ಉಸಿರಾಡುವ ಗಾಳಿಯನ್ನು ಮೂಸಿರುವುದಿಲ್ಲ. ಅಮೋನಿಯಾ 10 ಲಕ್ಷದಲ್ಲಿ 25 ಪಾಲು ದಾಟಿ ಹಾಗೇ ಮುಂದುವರಿದರೆ ಕೋಳಿಗಳ ಕಣ್ಣು, ಶ್ವಾಸನಾಳ ಹಾಳಾಗುತ್ತವೆ, ಶೀತ, ಗೊರಕೆ ಶುರುವಾಗುತ್ತದೆ. ದಿನಾ ಅದೇ ವಾಸನೆಯಲ್ಲಿ ಕೆಲಸ ಮಾಡುವವರ ಮೂಗು ಅದಕ್ಕೆ ಒಗ್ಗಿಹೋಗಿರುತ್ತದೆ. ಆಗೊಮ್ಮೆ ಈಗೊಮ್ಮೆ ಮನೆಯ ಬೇರೆಯವರನ್ನು ಕರೆದು ಮೂಸಿಸಿ.

ಗೂಡಿನಲ್ಲಿ ಹಾಸಲು ಯಾವುದು ಒಳ್ಳೆಯದು? ಉಮಿ, ಮರದ ಹುಡಿ, ನಾರಿನ ಹುಡಿ, ಹೊಯ್ಗೆ?

ಮಾಡಿನಡಿಯ ಗೂಡಿಗೆ ಎಲ್ಲಕ್ಕಿಂತ ಒಳ್ಳೆಯದು ಬಡಗಿ ಹತ್ತರಿ ಹೊಡೆದಾಗ ಸುರುಳಿಯಾಗಿ ಬೀಳುವ ಮರದ ಸಿಪ್ಪೆ. ಹೀರುತ್ತದೆ, ಉಬ್ಬಿ ನಿಂತು ಗಾಳಿಗೂ ಎಡೆ ಕೊಡುತ್ತದೆ. ಎರಡನೆಯದು ಉಮಿ. ಅದು ಹೆಚ್ಚು ಹೀರುವುದಿಲ್ಲ, ಆದರೆ ಮುದ್ದೆ ಕಟ್ಟುವುದಿಲ್ಲ, ಬೇಗ ಒಣಗುತ್ತದೆ. ಎರಡನ್ನೂ ಅರ್ಧರ್ಧ ಬೆರೆಸಿದರೆ ಇನ್ನೂ ಚೆನ್ನ. ಸಾಮಿಲ್ಲಿನ ಮರದ ಹುಡಿ ಆದೀತು, ಆದರೆ ಹಸಿ ಮರ ಕೊಯ್ದ ಹುಡಿ ತರಬೇಡಿ. ಗೋಣಿಯಲ್ಲೇ ಬಿಸಿಯಾಗಿ ಬೂಸ್ಟು ಹಿಡಿಯುತ್ತದೆ, ಆ ಬೂಸ್ಟು ಕೋಳಿಯ ಶ್ವಾಸಕೋಶಕ್ಕೆ ಹೋಗುತ್ತದೆ.

ತೆಂಗಿನ ನಾರಿನ ಹುಡಿಯ ಬಗ್ಗೆ ಅಭಿಪ್ರಾಯ ಎರಡು. ತನ್ನ ತೂಕದ ಎಷ್ಟೋ ಪಟ್ಟು ನೀರು ಹೀರುವುದು ಅದರ ಗುಣ, ಹೀರಿದ್ದನ್ನು ಬಿಡದಿರುವುದೇ ಅದರ ದೋಷ. ಬೇಸಗೆಯಲ್ಲಿ ಚಿನ್ನ, ಜುಲೈಯಲ್ಲಿ ಒದ್ದೆ ಸ್ಪಂಜು. ಮಳೆಗಾಲದಲ್ಲಿ ನೀರಿನ ಪಾತ್ರೆಯ ಅಡಿಗೆ ಮಾತ್ರ ಒಂದು ತಟ್ಟೆಯಲ್ಲಿಟ್ಟು, ಒದ್ದೆಯಾದಂತೆ ಬದಲಿಸಿ.

ಬೈಹುಲ್ಲು ಚಾಪೆಯ ಹಾಗೆ ಒತ್ತಿಕೊಂಡು ಅಡಿಯಲ್ಲಿ ಕೊಳೆಯುತ್ತದೆ. ಹಾಕಲೇಬೇಕೆಂದರೆ 2 ಇಂಚಿನ ತುಂಡು ಮಾಡಿ. ಹೊಳೆಯ ಹೊಯ್ಗೆ ಮಾಡಿನಡಿ ಚೆನ್ನಾಗಿ ನಡೆಯುತ್ತದೆ, ಆದರೆ ದಿನಾ ಬಾಚಿ ಹಿಕ್ಕೆ ತೆಗೆಯಲೇಬೇಕು. ಕಡಲ ಹೊಯ್ಗೆ ಬೇಡ, ಅದರ ಉಪ್ಪು ಗಾಳಿಯ ಪಸೆ ಎಳೆಯುತ್ತದೆ. ಇನ್ನೊಂದು, ಗೇರುಬೀಜದ ಫ್ಯಾಕ್ಟರಿಯಿಂದ ಅಗ್ಗಕ್ಕೆ ಸಿಗುತ್ತದೆಂದು ಗೇರುಬೀಜದ ಸಿಪ್ಪೆ ತಂದು ಹಾಸುವವರಿದ್ದಾರೆ. ಅದರಲ್ಲಿ ಉಳಿದಿರುವ ಸೊನೆ ಎಣ್ಣೆ ಚರ್ಮ ಸುಡುತ್ತದೆ, ಕೋಳಿಯ ಕಾಲು ಹುಣ್ಣಾಗುತ್ತದೆ. ಬೇಡ.

ಹಾಸು ಸರಿಯಾಗಿದೆಯೇ ಎಂದು ನೋಡುವುದು ಹೇಗೆ?

ಒಂದು ಮುಷ್ಟಿ ತೆಗೆದು ಗಟ್ಟಿಯಾಗಿ ಹಿಸುಕಿ, ಕೈ ಬಿಡಿಸಿ. ಸಡಿಲವಾಗಿ ಅಂಟಿಕೊಂಡು, ಬೆರಳಿನಿಂದ ತಟ್ಟಿದರೆ ಉದುರಿದರೆ ಸರಿ, ಅದರಲ್ಲಿ ನೂರಕ್ಕೆ 20–25ರಷ್ಟು ಪಸೆ ಇದೆ. ಉಂಡೆಯಾಗಿ ಉಂಡೆಯಾಗಿಯೇ ಉಳಿದರೆ ಪಸೆ ಹೆಚ್ಚಾಗಿದೆ, ವಾಸನೆ ಶುರುವಾಗಿದೆ ಅಥವಾ ನಾಳೆ ಶುರುವಾಗುತ್ತದೆ. ಮುಷ್ಟಿಯಲ್ಲಿ ನಿಲ್ಲದೆ ಧೂಳೆದ್ದರೆ ತೀರಾ ಒಣಗಿದೆ. ನೀರಿನ ಪಾತ್ರೆಯ ಹತ್ತಿರ, ಬಾಗಿಲ ಬಳಿ, ಪಡುವಣ ಗೋಡೆಯ ಬುಡದಲ್ಲಿ, ಹೀಗೆ ಮೂರು ಕಡೆ ನೋಡಿ.

ಡೀಪ್ ಲಿಟರ್ ಮಾಡಿದರೆ ವರ್ಷಕ್ಕೊಮ್ಮೆ ತೆಗೆದರೆ ಸಾಕು ಎನ್ನುತ್ತಾರೆ. ನಿಜವೇ?

ನಿಜ, ಕಾಲ ನೋಡಿ ಶುರು ಮಾಡಿದರೆ. 4 ಇಂಚು ಹಾಸಿನಿಂದ ಶುರುಮಾಡಿ, ಹಿಕ್ಕೆ ತೆಗೆಯದೆ ಆಗಾಗ ಮಗುಚುತ್ತ, ಮೇಲೆ ಒಣ ಹಾಸು ಸೇರಿಸುತ್ತ 8–10 ಇಂಚಿಗೆ ಏರಿಸುವ ಕ್ರಮ ಇದು. ಒಳಗೆ ಬ್ಯಾಕ್ಟೀರಿಯಾ ನೆಲೆಯಾಗಿ ಹಿಕ್ಕೆ ಅಲ್ಲೇ ಕಳಿಯಲು ಎರಡು ಮೂರು ತಿಂಗಳು ಬೇಕು. ದೀಪಾವಳಿ ಕಳೆದ ಮೇಲೆ ಶುರು ಮಾಡಿದರೆ ಫೆಬ್ರವರಿಗೆ ಅದು ಹದಕ್ಕೆ ಬಂದಿರುತ್ತದೆ. ಜೂನ್‌ನಲ್ಲಿ ಶುರು ಮಾಡಿದರೆ ಕಳಿಯುವುದಿಲ್ಲ, ಕೊಳೆಯುತ್ತದೆ.

ವಾರಕ್ಕೆರಡು ಸಲ ಮಗುಚಲೇಬೇಕು. ಸಂಜೆ ಎರಡು ಮುಷ್ಟಿ ನುಚ್ಚನ್ನೋ ಭತ್ತವನ್ನೋ ಹಾಸಿನ ಮೇಲೆ ಎಸೆದರೆ ಆ ಕೆಲಸದ ಅರ್ಧವನ್ನು ಕೋಳಿಗಳೇ ಕೆದಕಿ ಮಾಡಿಕೊಡುತ್ತವೆ. ಮೇಲೆ ಹೆಪ್ಪಾಗಿ ಚರ್ಮದಂಥ ಪದರ ಕಟ್ಟಿದ್ದರೆ ಅದನ್ನು ಒಡೆಯಲು ಹೋಗಬೇಡಿ, ಗುದ್ದಲಿಯಿಂದ ಎತ್ತಿ ಹೊರಗೆ ಹಾಕಿ.

ಸುಣ್ಣ ಹಾಕಿದರೆ ವಾಸನೆ ಹೋಗುವುದಿಲ್ಲವೇ? ಒಲೆ ಬೂದಿ?

ಒದ್ದೆ ಹಿಕ್ಕೆಯ ಮೇಲೆ ಸುಣ್ಣ ಹಾಕಿದರೆ ವಾಸನೆ ಮೊದಲು ಹೆಚ್ಚಾಗುತ್ತದೆ. ಸುಣ್ಣ ಕ್ಷಾರ; ಹಾಸಿನಲ್ಲಿ ಹಿಡಿದಿಟ್ಟ ಅಮೋನಿಯಾವನ್ನು ಅದು ಗಾಳಿಗೆ ಬಿಡಿಸುತ್ತದೆ. ಬಚ್ಚಲೊಲೆಯ ಬೂದಿಯದೂ ಅದೇ ಸ್ವಭಾವ. ಇದು ಹಳಬರಿಗೆ ಒಪ್ಪಿಗೆಯಾಗದ ಮಾತು ಎಂದು ಗೊತ್ತು. ಆದರೆ ಅವರ ಕೋಳಿಗಳು ಹಗಲಿಡೀ ತೋಟದಲ್ಲಿ ಮೇಯುತ್ತಿದ್ದವು, ಗೂಡಿನಲ್ಲಿ ಬೀಳುತ್ತಿದ್ದ ಹಿಕ್ಕೆ ಕಡಿಮೆ.

ಸುಣ್ಣಕ್ಕೆ ಅದರದೇ ಜಾಗ ಉಂಟು. ಹಾಸು ಪೂರ್ತಿ ತೆಗೆದು, ಕೆರೆದು ಗುಡಿಸಿದ ಖಾಲಿ ಗೂಡಿನ ಗೋಡೆಗೂ ನೆಲಕ್ಕೂ ಬಳಿಯಿರಿ: ಅರಳಿದ ಸುಣ್ಣ 1 ಕಿಲೋ, ನೀರು 5 ಲೀಟರ್. ಬಳಿದ ಮೇಲೆ 3 ದಿನ ಕೋಳಿ ಬಿಡಬೇಡಿ. ಚಿಪ್ಪಿನ ಸುಣ್ಣವನ್ನು ಮನೆಯಲ್ಲೇ ಅರಳಿಸುವುದಾದರೆ ಕಣ್ಣು ಜಾಗ್ರತೆ, ಅದು ಕುದಿದು ಸಿಡಿಯುತ್ತದೆ.

ಹಾಸಿಗೇ ಏನಾದರೂ ಹಾಕಬೇಕೆಂದರೆ ಸೂಪರ್ ಫಾಸ್ಫೇಟ್ ರಸಗೊಬ್ಬರ ಹಾಕಿ. ಅದು ಆಮ್ಲದ ಕಡೆಯದು, ಅಮೋನಿಯಾವನ್ನು ಕಟ್ಟಿಹಾಕುತ್ತದೆ, ಮುಂದೆ ಗೊಬ್ಬರದ ಬೆಲೆಯೂ ಹೆಚ್ಚುತ್ತದೆ. 100 ಚದರ ಅಡಿಗೆ 1 ಕಿಲೋ, ಅಂದರೆ 4×5 ಅಡಿ ಗೂಡಿಗೆ 200 ಗ್ರಾಂ. ಹರಳಿನದು ಬೇಡ, ಕಾಳೆಂದು ಹೆಕ್ಕುತ್ತವೆ, ಹುಡಿ ತನ್ನಿ. ಕೋಳಿ ಹೊರಗಿರುವಾಗ ಎರಚಿ, ಮಗುಚಿ ಬೆರೆಸಿ.

ಬ್ಲೀಚಿಂಗ್ ಪೌಡರ್, ಫಿನಾಯಿಲ್?

ಬ್ಲೀಚಿಂಗ್ ಪೌಡರನ್ನು ಹಿಕ್ಕೆಯ ಮೇಲೆ ಎಂದೂ ಹಾಕಬೇಡಿ. ಕ್ಲೋರಿನ್ ಮತ್ತು ಅಮೋನಿಯಾ ಸೇರಿದರೆ ಹುಟ್ಟುವ ಕ್ಲೋರಮೈನ್ ಅನಿಲ ಕೋಳಿಗೂ ನಿಮಗೂ ವಿಷ. ಎಲ್ಲ ತೆಗೆದು, ತೊಳೆದು ಒಣಗಿಸಿದ ಸಿಮೆಂಟು ನೆಲಕ್ಕಾದರೆ 1 ಲೀಟರ್ ನೀರಿಗೆ 30 ಗ್ರಾಂ ಕಲಕಿ ಹಾಕಿ, ಅರ್ಧ ಗಂಟೆ ಬಿಟ್ಟು ತೊಳೆಯಬಹುದು. ಫಿನಾಯಿಲ್ ವಾಸನೆಯ ಮೇಲೆ ಇನ್ನೊಂದು ವಾಸನೆ, ಅಷ್ಟೇ.

ದಿನಾ ನೀರು ಹಾಕಿ ತೊಳೆಯುತ್ತೇವೆ, ಆದರೂ ನಾರುತ್ತದೆ.

ತೊಳೆಯುವುದರಿಂದಲೇ ನಾರುತ್ತದೆ. 1 ಕಿಲೋ ಹಿಕ್ಕೆ 3 ಬಾಲ್ದಿ ನೀರಿನಲ್ಲಿ ಕಲಸಿ 3 ಬಾಲ್ದಿ ಗೊಸರಾಗಿ ಚರಂಡಿಗೆ ಹೋಗುತ್ತದೆ, ಅಲ್ಲಿ ನೆರೆಯವರ ಗೇಟಿನ ಮುಂದೆ ನಿಲ್ಲುತ್ತದೆ. ಸಿಮೆಂಟು ನೆಲದ ಸಂದಿಗಳಲ್ಲಿ ಪಸೆ ಉಳಿದು ರಾತ್ರಿಗೆ ಮತ್ತೆ ವಾಸನೆ. ಕೆರೆದು, ಹಿಡಿಸೂಡಿಯಿಂದ ಗುಡಿಸಿ, ಉಮಿ ಎರಚಿ, ಇನ್ನೊಮ್ಮೆ ಗುಡಿಸಿ. ನೀರು ಹಾಕಿ ತೊಳೆಯುವುದು ವರ್ಷಕ್ಕೆ ಎರಡೇ ಸಲ ಸಾಕು: ಏಪ್ರಿಲ್‌ನಲ್ಲಿ, ಮತ್ತೆ ಅಕ್ಟೋಬರ್ ಬಿಸಿಲಲ್ಲಿ.

ಬಲೆಯ ಆವರಣ ಪೂರ್ತಿ ಕೆಸರಾಗಿದೆ. ಈಗ ಏನು ಮಾಡುವುದು?

ಕೆಸರಿನ ಮೇಲೆ ಮಣ್ಣು ಸುರಿಯಬೇಡಿ, ಕೆಸರು ಇನ್ನೂ ದಪ್ಪವಾಗುತ್ತದೆ ಅಷ್ಟೇ. ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಮಳೆ ಸುರಿಯುವಾಗಲೇ ಕೊಡೆ ಹಿಡಿದು 10 ನಿಮಿಷ ನಿಂತರೆ ಗೊತ್ತಾಗುತ್ತದೆ. ಕಣಿ ಬಿಡಿಸಿ. ಕರಿ ಕೆಸರಿನ ಮೇಲಿನ 2–3 ಇಂಚು ಕೆರೆದು ತೆಗೆಯಿರಿ. ತೆಂಗಿನ ಸಿಪ್ಪೆಗಳನ್ನು ಬೆನ್ನು ಮೇಲಾಗಿ ಒತ್ತೊತ್ತಾಗಿ ಜೋಡಿಸಿ, ಅದರ ಮೇಲೆ ಒಣಗಿದ ಅಡಕೆ ಸಿಪ್ಪೆ 4 ಇಂಚು, ಮೇಲೆ ತರಗೆಲೆ. ಹಲಸು, ಮಾವು, ಗೇರುಮರದ ಎಲೆ ಯಾವುದಾದರೂ ಸರಿ. ನೀರು ಸಿಪ್ಪೆಗಳ ಎಡೆಯಿಂದ ಇಳಿದು ಹೋಗುತ್ತದೆ, ಕೋಳಿಯ ಕಾಲು ಒಣಗಿರುತ್ತದೆ. ತರಗೆಲೆ ತಿಂಗಳಲ್ಲಿ ಚೂರಾಗುತ್ತದೆ, ಮತ್ತೆ ಹಾಕುತ್ತಿರಿ. ಮಳೆಗಾಲ ಮುಗಿದ ಮೇಲೆ ಎಲ್ಲವನ್ನೂ ಅಗೆದು ತೆಂಗಿನ ಬುಡಕ್ಕೆ ಹಾಕಿದರಾಯಿತು.

ಆವರಣದ ಅರ್ಧಕ್ಕಾದರೂ ಮಾಡು ಹೊದೆಸಲು ಆದರೆ ಈ ಎಲ್ಲ ಕೆಲಸ ಅರ್ಧವಾಗುತ್ತದೆ. ಕಡಲ ಬದಿಯವರು ಬಲೆ ತರುವಾಗ ಪಿವಿಸಿ ಹೊದಿಕೆಯದು ತನ್ನಿ. ಉಪ್ಪುಗಾಳಿಗೆ ಬರೀ ಜಿಐ (ಸತು ಲೇಪಿಸಿದ ಕಬ್ಬಿಣದ) ಬಲೆ ಬೇಗ ತುಕ್ಕು ಹಿಡಿದು ನೆಲದ ಹತ್ತಿರ ಮೊದಲು ಬಿಡುತ್ತದೆ, ಮುಂಗುಸಿ ನುಗ್ಗುವುದೂ ಅಲ್ಲಿಂದಲೇ.

ನೀರಿನ ಪಾತ್ರೆಯ ಸುತ್ತ ಮಾತ್ರ ಯಾವಾಗಲೂ ಒದ್ದೆ.

ಪಾತ್ರೆ ತಗ್ಗಿನಲ್ಲಿದೆ. ಅದರ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಬರುವಂತೆ ಕಲ್ಲಿನ ಮೇಲಿಡಿ ಅಥವಾ ತೂಗುಹಾಕಿ. ಕಾಲು ಹಾಕಲಾಗದು, ಕೆದಕಿದ ಹಾಸು ಒಳಗೆ ಬೀಳದು. ಹೇಂಟೆಗೆ ದಿನಕ್ಕೆ ಕಾಲು ಲೀಟರ್ ನೀರು ಬೇಕು, ಏಪ್ರಿಲ್–ಮೇಯಲ್ಲಿ ಅದರ ಒಂದೂವರೆ ಪಟ್ಟು. ಕೊಕ್ಕು ತಾಗಿಸಿದರೆ ಮಾತ್ರ ನೀರು ಬಿಡುವ ನಿಪ್ಪಲ್ ಹಾಕಿದ ಬಾಲ್ದಿ ಇನ್ನೂ ಒಳ್ಳೆಯದು. ತೊಟ್ಟಿಕ್ಕುವ ನಿಪ್ಪಲನ್ನು ಅಂದೇ ಬದಲಿಸಬೇಕು, ರಾತ್ರಿಯಿಡೀ ತೊಟ್ಟಿಕ್ಕಿದರೆ ಪಾತ್ರೆ ಮಗುಚಿದಂತೆಯೇ.

ಮೀನಿನ ತಲೆ, ಕರುಳು, ಗಂಜಿ ತೆಳಿ ಕೋಳಿಗೆ ಹಾಕಬಹುದೇ?

ಹಾಕಬಹುದು, ಬಿಟ್ಟುಬಿಡಬಾರದು. ಬೂತಾಯಿ, ಬಂಗುಡೆಯ ತಲೆ ಬೇಯಿಸಿ, ಮುಳ್ಳು ನುರಿದು, ಒಂದು ಕೋಳಿಗೆ ಒಂದೆರಡು ಚಮಚದಷ್ಟು ಕೊಡಿ. ಅರ್ಧ ಗಂಟೆಯಲ್ಲಿ ಉಳಿದದ್ದನ್ನು ತೆಗೆಯಿರಿ. ದಿನಾ ಹೆಚ್ಚು ಮೀನು ಹಾಕಿದರೆ ಮೊಟ್ಟೆಗೂ ಮೀನಿನ ವಾಸನೆ ಹತ್ತುತ್ತದೆ. ಹಸಿ ಕರುಳು ಆವರಣಕ್ಕೆ ಎಸೆದರೆ ಹಸಿರು ನೊಣ ಒಂದು ಗಂಟೆಯೊಳಗೆ ಹಾಜರು. ಒಣಮೀನು ತೊಳೆದ ನೀರು, ಅದರ ಚೂರು ಬೇಡ: ಉಪ್ಪು ಹೆಚ್ಚಾಗಿ ಕೋಳಿ ನೀರು ಕುಡಿದು ಕುಡಿದು ಹಿಕ್ಕೆ ನೀರಾಗುತ್ತದೆ, ಮರಿಗಳಾದರೆ ಸಾಯುವುದೂ ಉಂಟು.

ತೆಳಿಯನ್ನು ಹಾಗೇ ಸುರಿಯುವುದು ನಮ್ಮಲ್ಲಿ ಅತಿ ಸಾಮಾನ್ಯ ತಪ್ಪು. ತೌಡಿನಲ್ಲಿ ಉಂಡೆ ಕಟ್ಟುವಷ್ಟು ಗಟ್ಟಿಯಾಗಿ ಕಲಸಿ, ಮರಿಗೆಯಲ್ಲಿ ಹಾಕಿ. ಹಲಸಿನ ಕಾಲದಲ್ಲಿ ಸಿಪ್ಪೆ ಬೆಳಿಗ್ಗೆ ಹಾಕಿ ಸಂಜೆ ಹೆಕ್ಕಿ ಗುಂಡಿಗೆ.

ನೊಣ ವಿಪರೀತ. ಮದ್ದು ಹೊಡೆಯಬಹುದೇ?

ಮದ್ದಿಗಿಂತ ಮೊದಲು ಲೆಕ್ಕ ನೋಡಿ. ನಮ್ಮ ಸೆಖೆಗೆ ಮನೆನೊಣದ ಮೊಟ್ಟೆ 7–10 ದಿನದಲ್ಲಿ ಹಾರುವ ನೊಣವಾಗುತ್ತದೆ. ಒದ್ದೆ ಹಿಕ್ಕೆಯನ್ನು 3–4 ದಿನಕ್ಕೊಮ್ಮೆ ತೆಗೆದರೆ ಹುಳ ಹಂತದಲ್ಲೇ ಸಂತಾನ ತುಂಡಾಗುತ್ತದೆ. ವಾರ ಬಿಟ್ಟು 10ನೇ ದಿನ ತೆಗೆದರೆ ಅಷ್ಟರಲ್ಲಿ ಅವು ಹಾರಿಹೋಗಿರುತ್ತವೆ, ನೀವು ತೆಗೆದದ್ದು ಬರೀ ಗೊಬ್ಬರ. ಹುಳಗಳು ಕೋಶ ಕಟ್ಟಲು ಒಣ ಅಂಚಿಗೆ ಸರಿಯುತ್ತವೆ. ಗೋಡೆಯ ಬುಡ, ಹಲಗೆಯ ಅಡಿ ಕೆದಕಿ ನೋಡಿ, ಕಂದು ಬಣ್ಣದ ಅಕ್ಕಿಕಾಳಿನಂಥವು ಸಿಕ್ಕಿದರೆ ಅವೇ. ಹಿಕ್ಕೆಯ ಹುಳ ಕೋಳಿ ತಿಂದರೆ ಅಡ್ಡಿಯಿಲ್ಲ. ಸತ್ತ ಪ್ರಾಣಿಯಲ್ಲಿ ಬಿದ್ದ ಹುಳ ತಿಂದರೆ ಮಾತ್ರ ಕುತ್ತಿಗೆ ಜೋತು ಬಿದ್ದು ಸಾಯಬಹುದು, ಆ ಹುಳದಲ್ಲಿ ಹೆಣದ ವಿಷ ಇರುತ್ತದೆ.

ಕೆಲವು ಹಿಕ್ಕೆ ಚಾಕಲೇಟಿನಂತೆ ಕಂದು, ಅಂಟು, ಭಯಂಕರ ವಾಸನೆ. ಕಾಯಿಲೆಯೇ?

ಅಲ್ಲ. ಎಂಟು ಹತ್ತು ಹಿಕ್ಕೆಗೊಂದು ಹಾಗೇ ಇರುತ್ತದೆ, ಕುರುಡು ಕರುಳಿನಿಂದ ಬರುವಂಥದ್ದು. ಎಲ್ಲವೂ ನೀರಾಗಿದ್ದರೆ, ಹಸಿರಾಗಿದ್ದರೆ, ರಕ್ತ ಕಂಡರೆ ಕಾಯಿಲೆ. ಒಂದೆರಡು ತಿಂಗಳ ಮರಿಗಳು ರೆಕ್ಕೆ ಜೋತುಬಿಟ್ಟು ಮುದುಡಿ ಕೂತು ರಕ್ತ ಭೇದಿ ಮಾಡಿದರೆ ಅದು ಕಾಕ್ಸಿಡಿಯೋಸಿಸ್. ಅದರ ತತ್ತಿಗಳು ಒದ್ದೆ, ಬೆಚ್ಚಗಿನ ಹಾಸಿನಲ್ಲಿ ಒಂದೆರಡು ದಿನದಲ್ಲೇ ಸೋಂಕು ಹರಡುವ ಹದಕ್ಕೆ ಬರುತ್ತವೆ. ಸಾಮಾನ್ಯ ಫಿನಾಯಿಲ್, ಬ್ಲೀಚಿಗೆ ಅವು ಜಗ್ಗುವುದಿಲ್ಲ. ಒಣಗಿಸುವುದು, ಬೆಂಕಿಯ ಬಿಸಿ, ಇವಕ್ಕೆ ಜಗ್ಗುತ್ತವೆ. ಮದ್ದು ಪಶುವೈದ್ಯರು ಹೇಳಿದ ಪ್ರಮಾಣದಲ್ಲೇ ಕೊಡಿ. ಒಂದೇ ಸಲ ಹಲವು ಕೋಳಿ ಸತ್ತರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಕೋಳಿ ಹೇನು, ನುಸಿ?

ರಾತ್ರಿ ಟಾರ್ಚು ಹಿಡಿದು, ಕೂರುವ ಕೋಲಿನ ಅಡಿಯನ್ನು ಬಿಳಿ ಬಟ್ಟೆಯಿಂದ ಒರೆಸಿ. ಕೆಂಪು ಗೆರೆ ಬಿದ್ದರೆ ನುಸಿ ಉಂಟು. ಬಿದಿರಿನ ಸೀಳು, ಅಡಕೆ ಸಲಾಕೆಯ ಸಂದಿ ಅವುಗಳ ಮನೆ. ಕೋಳಿಗಳನ್ನು ದೂರ ಬಿಟ್ಟು, ಕೋಲುಗಳನ್ನು ಬಿಚ್ಚಿ ಹೊರಗೆ ತಂದು ಬೆಂಕಿಯ ಮೇಲೆ ಆಡಿಸಿ, ಅಥವಾ ಕುದಿನೀರು ಹೊಯ್ದು ಬಿಸಿಲಲ್ಲಿ ಒಣಗಿಸಿ. ಒಲೆ ಬೂದಿಗೆ ಸರಿಯಾದ ಜಾಗ ಇಲ್ಲಿದೆ: 2×2 ಅಡಿ ತೊಟ್ಟಿಯಲ್ಲಿ ಜರಡಿ ಹಿಡಿದ ಒಣಮಣ್ಣು 3 ಪಾಲು, ಬೂದಿ 1 ಪಾಲು, 6 ಇಂಚು ಆಳ. ಮಾಡಿನಡಿ ಇಡಿ. ಕೋಳಿಗಳು ಹೊರಳಾಡಿ ತಮ್ಮ ಸ್ನಾನ ತಾವೇ ಮುಗಿಸುತ್ತವೆ.

ಹೆಗ್ಗಣ ಬರುತ್ತದೆ.

ರಾತ್ರಿ ಆಹಾರ ಬಿಡಬೇಡಿ. ಹೇಂಟೆಗೆ ದಿನಕ್ಕೆ 100–120 ಗ್ರಾಂ ಸಾಕು, ಸಂಜೆಗೆ ಮರಿಗೆ ಖಾಲಿಯಾಗಬೇಕು. ಹೆಗ್ಗಣದ ಹಿಂದೆಯೇ ಹಾವು ಬರುತ್ತದೆ, ಹೆಗ್ಗಣದ ಮೂತ್ರದಿಂದ ಇಲಿಜ್ವರ. ಮಳೆಗಾಲದಲ್ಲಿ ಗೂಡು ಕೆರೆಯುವಾಗ ಗಂಬೂಟು, ಕೈಗವಸು ಬೇಕೇ ಬೇಕು. ಕಾಲಲ್ಲಿ ಗಾಯವಿದ್ದರೆ ಬೇರೆಯವರಿಗೆ ವಹಿಸಿ. ಒಣ ಹಾಸು ತೆಗೆಯುವಾಗ ಮೂಗಿಗೆ ಬಟ್ಟೆ ಕಟ್ಟಿ.

ಕಟ್ಟಿ ಸಾಕುವ ಹುಂಜದ ಜಾಗ ಮಾತ್ರ ನಾರುತ್ತದೆ.

ಕಾಲಿಗೆ ಹಗ್ಗ ಕಟ್ಟಿದ ಹುಂಜಕ್ಕೆ ಮೂರಡಿಯ ಪ್ರಪಂಚ, ಹಿಕ್ಕೆಯೆಲ್ಲ ಅಲ್ಲೇ. ಎರಡು ದಿನಕ್ಕೊಮ್ಮೆ ಗೂಟ ಬದಲಿಸಿ. ಬಿಟ್ಟು ಸಾಕಿದರೆ ಆ ತೊಂದರೆಯೇ ಇಲ್ಲ.

ತೆಗೆದ ಹಿಕ್ಕೆಯನ್ನು ಏನು ಮಾಡುವುದು? ಗೊಬ್ಬರದ ಗುಂಡಿಯೂ ನಾರುತ್ತದೆ.

ಹಿಕ್ಕೆಯಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಎಲೆ ಸಾಲದಿದ್ದರೆ ಹೆಚ್ಚಾದ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ: ವಾಸನೆಯೂ ಬರುತ್ತದೆ, ಗೊಬ್ಬರವೂ ನಷ್ಟ. ಹಾಸು ಬೆರೆತ ಹಿಕ್ಕೆ 1 ಬುಟ್ಟಿಗೆ ತರಗೆಲೆ 2–3 ಬುಟ್ಟಿ. ಬರೀ ಹಿಕ್ಕೆಯಾದರೆ 5–6 ಬುಟ್ಟಿ. ಗುಂಡಿಗಿಂತ ನೆಲದ ಮೇಲಿನ ರಾಶಿ ವಾಸಿ. ನಮ್ಮ ಗುಂಡಿಗಳು ಮಳೆಗೆ ಕೆರೆಯಾಗುತ್ತವೆ. 3 ಅಡಿ ಉದ್ದ, ಅಗಲ, ಎತ್ತರ ಇದ್ದರೆ ಒಳಗೆ ಬಿಸಿ ನಿಲ್ಲುತ್ತದೆ. ಮೇಲೆ ಯಾವಾಗಲೂ 4 ಇಂಚು ತರಗೆಲೆ ಹೊದಿಕೆ, ಮಳೆಗಾಲದಲ್ಲಿ ಅದರ ಮೇಲೆ ಟಾರ್ಪಾಲು.

ನಾಲ್ಕನೇ ದಿನ ಒಂದು ಕಬ್ಬಿಣದ ಸಲಾಕೆಯನ್ನು ನಡುವಿಗೆ ಚುಚ್ಚಿ 10 ನಿಮಿಷ ಬಿಟ್ಟು ಎಳೆಯಿರಿ. ಹಿಡಿಯಲಾಗದಷ್ಟು ಸುಟ್ಟರೆ ರಾಶಿ 55–60 ಡಿಗ್ರಿ ಮುಟ್ಟಿದೆ, ಕಾಯಿಲೆಯ ರೋಗಾಣುಗಳು ಸಾಯುವ ಬಿಸಿ ಅದು. ತಣ್ಣಗಿದ್ದರೆ ಒಣಗಿದೆ ಅಥವಾ ಎಲೆ ಹೆಚ್ಚಾಗಿದೆ. ತಣ್ಣಗಿದ್ದೂ ನಾರಿದರೆ ನೀರು ಹೆಚ್ಚು. 10 ದಿನಕ್ಕೊಮ್ಮೆ ಹೊರಗಿನದು ಒಳಗೆ ಬರುವಂತೆ ಮಗುಚಿದರೆ ಎರಡು ತಿಂಗಳಲ್ಲಿ ಮಣ್ಣಿನ ವಾಸನೆ ಬರುತ್ತದೆ. ಆಮೇಲೆ ಇನ್ನೊಂದು ತಿಂಗಳು ಬಿಡಿ.

ಕಳಿತ ಗೊಬ್ಬರ ತೆಂಗು, ಅಡಕೆ, ಮಟ್ಟುಗುಳ್ಳ, ಮಲ್ಲಿಗೆ ಎಲ್ಲಕ್ಕೂ ಆದೀತು. ಚಟ್ಟಿಯ ಮಲ್ಲಿಗೆಗೆ ಮಾತ್ರ ಒಂದು ಮುಷ್ಟಿಗಿಂತ ಹೆಚ್ಚು ಬೇಡ. ಹಸಿ ಹಿಕ್ಕೆ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಬಸಳೆ, ಹರಿವೆಯಂಥ ಸೊಪ್ಪಿನ ಸಾಲಿಗೆ ಕಳಿಯದ ಗೊಬ್ಬರ ಹಾಕಿದ್ದರೆ ಕೊಯ್ಲಿಗೆ 4 ತಿಂಗಳ ಅಂತರವಿರಲಿ.

ಸತ್ತ ಕೋಳಿ, ಕೊಯ್ದ ಕೋಳಿಯ ಪುಕ್ಕ, ಕರುಳು?

ರಾಶಿಗೆ ಬೇಡ, ತೋಡಿಗೂ ಬೇಡ. ಬಾವಿಯಿಂದ ದೂರ 3 ಅಡಿ ಆಳದ ಗುಂಡಿ, ಮೇಲೆ ಸುಣ್ಣ, ಮಣ್ಣು, ನಾಯಿ ಕೆದಕದಂತೆ ಮುರಕಲ್ಲು.

ನಾಳೆ ಮನೆಯಲ್ಲಿ ಕಾರ್ಯಕ್ರಮ, ಇವತ್ತೇ ವಾಸನೆ ಕಡಿಮೆಯಾಗಬೇಕು.

ಒದ್ದೆ ತೇಪೆಗಳನ್ನು ಮಾತ್ರ ಹುಡುಕಿ ಎತ್ತಿ: ಪಾತ್ರೆಯ ಬುಡ, ಕೋಲಿನ ಅಡಿ, ಬಾಗಿಲು. ಇಡೀ ಹಾಸನ್ನು ಇವತ್ತು ಮಗುಚಬೇಡಿ, ಅಡಿಯಲ್ಲಿರುವ ಅಮೋನಿಯಾ ಮೇಲೆದ್ದು ನಾಳೆಯವರೆಗೂ ನಿಲ್ಲುತ್ತದೆ. 200 ಗ್ರಾಂ ಸೂಪರ್ ಫಾಸ್ಫೇಟ್ ಹುಡಿ ಎರಚಿ, ಅದನ್ನು ಕೆದಕಿ ತಿನ್ನದಂತೆ ಮೇಲೆ 2 ಇಂಚು ಒಣ ಉಮಿ ಮುಚ್ಚಿ. ಗೊಬ್ಬರದ ರಾಶಿಗೆ ಒಂದು ಗೋಣಿ ತರಗೆಲೆ ಹೊದೆಸಿ. ಪರದೆ ಎತ್ತಿ. ಊದುಬತ್ತಿ ಹಚ್ಚಬೇಡಿ, ಕೋಳಿಗೂ ಹೊಗೆ ಆಗದು.

ನೆರೆಯವರು ದೂರು ಹೇಳುತ್ತಿದ್ದಾರೆ. ನಮಗಂತೂ ವಾಸನೆ ಬರುವುದಿಲ್ಲ.

ಅವರು ಹೇಳುವ ಹೊತ್ತಿಗೆ ಅವರ ಅಂಗಳದಲ್ಲೇ ಹೋಗಿ ನಿಂತು ನೋಡಿ. ಹೆಚ್ಚಾಗಿ ಅದು ಗಾಳಿ ನಿಂತ ಮುಂಜಾನೆ ಅಥವಾ ಮುಸ್ಸಂಜೆ. ಆ ಹೊತ್ತಿಗೆ ಮೊದಲೇ ಹಲಗೆಯ ಹಿಕ್ಕೆ ಎತ್ತಿದರೆ, ರಾಶಿಯನ್ನು ಅವರ ಕಾಂಪೌಂಡಿನಿಂದ ಇನ್ನೊಂದು ಮೂಲೆಗೆ ಸರಿಸಿದರೆ ಮುಕ್ಕಾಲು ತಕರಾರು ಅಲ್ಲೇ ಮುಗಿಯುತ್ತದೆ. ನಗರದೊಳಗೆ ದೂರು ಪಾಲಿಕೆಯ ಆರೋಗ್ಯ ವಿಭಾಗಕ್ಕೆ ಹೋದರೆ ಅವರು ಬಂದು ಮೊದಲು ನೋಡುವುದು ಚರಂಡಿಗೆ ಹೋಗುವ ನೀರನ್ನು. ವರ್ಷಕ್ಕೊಂದು ಗೋಣಿ ಕಳಿತ ಗೊಬ್ಬರ, ತಿಂಗಳಿಗೆ ನಾಲ್ಕು ಮೊಟ್ಟೆ ಆಚೆಮನೆಗೆ ಕೊಡುವುದೂ ನಿರ್ವಹಣೆಯ ಭಾಗವೇ. ಹುಂಜ 4 ಗಂಟೆಗೆ ಕೂಗುವುದಕ್ಕೆ ಮಾತ್ರ ಉಮಿಯಲ್ಲಿ ಪರಿಹಾರವಿಲ್ಲ.

ಒಂದು ವಾರ ಊರಲ್ಲಿ ಇರುವುದಿಲ್ಲ. ನೋಡಿಕೊಳ್ಳುವವರಿಗೆ ಏನು ಹೇಳಬೇಕು?

ಕಾಳು, ನೀರು, ಮೊಟ್ಟೆ ಹೆಕ್ಕುವುದು ಎಂದಷ್ಟೇ ಹೇಳಿ ಹೋಗುತ್ತಾರೆ, ಹಿಂದಿರುಗಿದಾಗ ಗೂಡು ನಾರುತ್ತಿರುತ್ತದೆ. ಹೊರಡುವ ಹಿಂದಿನ ದಿನ ಹಾಸು ಮಗುಚಿ, ಒದ್ದೆ ತೆಗೆದು, 2 ಇಂಚು ಹೊಸದು ಹಾಕಿ. ಫ್ಲೆಕ್ಸ್ ಹೇಗೆ ಕೊಡವುವುದೆಂದು ಒಮ್ಮೆ ಮಾಡಿ ತೋರಿಸಿ. ಮಳೆ ಬಿಟ್ಟರೆ ಪರದೆ ಎತ್ತಬೇಕು, ರಾತ್ರಿ ಮರಿಗೆ ಖಾಲಿ ಇರಬೇಕು, ಏನೇ ಆದರೂ ಗೂಡಿಗೆ ನೀರು ಹಾಕಿ ತೊಳೆಯಬಾರದು ಎಂದು ಹೇಳಿ. ಕೊನೆಯದನ್ನು ಎರಡು ಸಲ ಹೇಳಿ. ಸಹಾಯಕ್ಕೆ ಬಂದವರು ಪ್ರೀತಿಯಿಂದ ಮೊದಲು ಮಾಡುವುದು ಅದನ್ನೇ.